"ಸೇಮ್ ಟು ಸೇಮ್ ಹೀಗೇ ಬೇಕು" ಅಂದಾಗ ಏನು ಮಾಡಬೇಕು: ವೆಬ್ ಡಿಸೈನ್‌ನಲ್ಲಿ ಸ್ಫೂರ್ತಿಗೂ ನಕಲಿಗೂ ನಡುವಿನ ಗೆರೆ

ವೆಬ್‌ಸೈಟ್ ಮಾಡಿಕೊಡುವವರಿಗೆಲ್ಲ ಈ ಮೆಸೇಜ್ ಪರಿಚಯ. ಕ್ಲೈಂಟ್ ವಾಟ್ಸಾಪ್‌ನಲ್ಲಿ ಒಂದು ಲಿಂಕ್ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: "ಸೇಮ್ ಟು ಸೇಮ್ ಹೀಗೇ ಬೇಕು." ಪಾಪ, ಅವರು ಯಾರದ್ದನ್ನೋ ಕದ್ದು ಕೊಡಿ ಅಂತ ಕೇಳುತ್ತಿಲ್ಲ. ತಮಗೆ ಏನು ಇಷ್ಟವಾಯಿತು ಅಂತ ಹೇಳಲು ಅವರಿಗೆ ಬೇರೆ ದಾರಿ ಗೊತ್ತಿಲ್ಲ, ಅಷ್ಟೇ. ಆದರೆ ಆ ಲಿಂಕ್ ಬಂದ ಮೇಲೆ ಏನಾಗುತ್ತದೆ ಅನ್ನೋದು ಡಿಸೈನರ್ ಕೈಯಲ್ಲಿದೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಜಾಸ್ತಿ ಎಡವುವುದು ಇಲ್ಲೇ.

ಎಡವುವುದಕ್ಕೆ ಮುಖ್ಯ ಕಾರಣ ಒಂದು ಸುಳ್ಳು ಲೆಕ್ಕ. "ಇಪ್ಪತ್ತು ಪರ್ಸೆಂಟ್ ಬದಲಾಯಿಸಿದರೆ ಸಾಕು, ಯಾರೂ ಏನೂ ಮಾಡೋಕಾಗಲ್ಲ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಕೆಲವರು ಮೂವತ್ತು ಅನ್ನುತ್ತಾರೆ, ಇನ್ನು ಕೆಲವರು ಏಳು ಬದಲಾವಣೆ ಮಾಡಿದರೆ ಆಯಿತು ಅನ್ನುತ್ತಾರೆ. ಅಂಥ ಯಾವ ಅಳತೆಯೂ ನಮ್ಮ ಕಾಪಿರೈಟ್ ಕಾನೂನಿನಲ್ಲಿ ಇಲ್ಲ. ನಾನು ಇಟ್ಟುಕೊಂಡಿರುವ ಗೆರೆ ಬೇರೆ. ಆ ಸೈಟ್ ಮಾಡಿದವರು ಒಂದು ನಿರ್ಧಾರವನ್ನು ಯಾಕೆ ತೆಗೆದುಕೊಂಡರು ಅಂತ ಅರ್ಥ ಮಾಡಿಕೊಂಡು, ಆ ಕಾರಣವನ್ನು ನಿಮ್ಮ ಕೆಲಸಕ್ಕೆ ತಂದರೆ ಅದು ಸ್ಫೂರ್ತಿ. ಕಾರಣ ಗೊತ್ತಿಲ್ಲದೆ ಅವರು ಮಾಡಿಟ್ಟಿದ್ದನ್ನೇ ಎತ್ತಿಕೊಂಡು ಬಂದರೆ ನಕಲು. ಬಣ್ಣ ಬದಲಿಸಿದರೂ ನಕಲೇ.

ಮುಂದಿನ ಹೆಜ್ಜೆಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಸಕಲೇಶಪುರದ ಹತ್ತಿರ ಕಾಫಿ ತೋಟದೊಳಗೆ ಒಂದು ಹೋಮ್‌ಸ್ಟೇ ಇದೆ ಅಂದುಕೊಳ್ಳಿ. ಓನರ್ ನಾರ್ವೆಯ ಯಾವುದೋ ಮರದ ಕ್ಯಾಬಿನ್ ಹೋಟೆಲ್ ಸೈಟ್ ಕಳಿಸಿದ್ದಾರೆ. ಪರದೆ ತುಂಬ ವಿಡಿಯೊ, ಕಪ್ಪು ಹಿನ್ನೆಲೆ, ತೆಳ್ಳಗಿನ ದೊಡ್ಡ ಅಕ್ಷರ, ಮಾತು ಕಡಿಮೆ. ಅದೇ ಬೇಕಂತೆ.

ಹೆಜ್ಜೆ 1: ಯಾವುದು ಎಲ್ಲರದ್ದು, ಯಾವುದು ಒಬ್ಬರದ್ದು ಅಂತ ಬೇರೆ ಮಾಡಿ

ಆ ಸೈಟನ್ನು ತೆರೆದು, ಕಣ್ಣಿಗೆ ಬಿದ್ದದ್ದನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಪ್ರತಿಯೊಂದರ ಮುಂದೆ "ಎಲ್ಲರದ್ದು" ಅಥವಾ "ಅವರದ್ದು" ಅಂತ ಗುರುತು ಹಾಕಿ. ಇಲ್ಲಿ ಸ್ವಲ್ಪ ಟೈಮ್ ಕೊಡಿ, ಮುಂದಿನ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ.

ಎಲ್ಲರದ್ದು ಅನ್ನುವ ಪಟ್ಟಿ ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಎಡಗಡೆ ಮೇಲೆ ಲೋಗೊ, ಬಲಗಡೆ ಬುಕಿಂಗ್ ಬಟನ್, ಮೇಲೆ ದೊಡ್ಡ ಚಿತ್ರ, ಕೆಳಗೆ ಮೂರು ಕಾರ್ಡ್ (ಒಂದೊಂದು ವಿಷಯಕ್ಕೆ ಒಂದೊಂದು ಚೌಕ), ಕೊನೆಯಲ್ಲಿ ವಿಳಾಸ ಮತ್ತು ಮ್ಯಾಪ್. ಇವು ಯಾರ ಆಸ್ತಿಯೂ ಅಲ್ಲ. ಮೊಬೈಲ್‌ನಲ್ಲಿ ಮೆನು ತೆರೆಯಲು ಒತ್ತುವ ಮೂರು ಗೆರೆಯ ಚಿಹ್ನೆ 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರ್‌ಗಾಗಿ ನಾರ್ಮ್ ಕಾಕ್ಸ್ ಬಿಡಿಸಿದ್ದು. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ವಿಧಾನಕ್ಕೆ 2010ರಲ್ಲಿ ಈಥನ್ ಮಾರ್ಕಾಟ್ ಒಂದು ಲೇಖನದಲ್ಲಿ ಹೆಸರು ಕೊಟ್ಟು ವಿವರಿಸಿದರು, ಈಗ ಅದಿಲ್ಲದ ಸೈಟನ್ನು ಯಾರೂ ಒಪ್ಪುವುದಿಲ್ಲ. ಇವನ್ನೆಲ್ಲ ಬಳಸುವುದು ನಕಲಲ್ಲ. ಬಳಸದಿದ್ದರೇ ಕಷ್ಟ. ಜನ ತಮ್ಮ ಹೆಚ್ಚಿನ ಟೈಮನ್ನು ಬೇರೆಯವರ ಸೈಟ್‌ಗಳಲ್ಲಿ ಕಳೆಯುತ್ತಾರೆ, ಹಾಗಾಗಿ ನಿಮ್ಮ ಸೈಟೂ ಹಾಗೇ ಕೆಲಸ ಮಾಡಲಿ ಅಂತ ಬಯಸುತ್ತಾರೆ ಅಂತ ಜನ ವೆಬ್ ಬಳಸುವ ರೀತಿಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ ಎಷ್ಟೋ ವರ್ಷಗಳ ಹಿಂದೆಯೇ ಹೇಳಿದ್ದಾರೆ. ಸುಮ್ನೆ ಹೊಸತನ ತೋರಿಸಲು ಮೆನುವನ್ನು ಪುಟದ ಮಧ್ಯದಲ್ಲಿ ಬಚ್ಚಿಟ್ಟರೆ ರೂಮ್ ಬುಕ್ ಮಾಡಲು ಬಂದವರು ವಾಪಸ್ ಹೋಗುತ್ತಾರೆ.

ಅಪರೂಪಕ್ಕೆ ಇದಕ್ಕೂ ಅಪವಾದ ಇದೆ. ಒಂದೇ ಕ್ಲಿಕ್‌ನಲ್ಲಿ ಖರೀದಿ ಮುಗಿಸುವ ವಿಧಾನಕ್ಕೆ ಅಮೆಜಾನ್ 1999ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ಅದೇ ವರ್ಷ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕದಂಗಡಿಯ ಮೇಲೆ ಕೇಸೂ ಹಾಕಿತು. ಆಪಲ್ ದುಡ್ಡು ಕೊಟ್ಟು ಲೈಸೆನ್ಸ್ ಪಡೆದುಕೊಂಡಿತು. ಆ ಪೇಟೆಂಟ್ ಅವಧಿ ಮುಗಿದದ್ದು 2017ರಲ್ಲಿ. ಒಂದು ಹೋಮ್‌ಸ್ಟೇ ಸೈಟ್ ಮಾಡುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಆದರೆ ಅಮೆರಿಕದ ಮಾರುಕಟ್ಟೆಗೆ ಆ್ಯಪ್ ಮಾಡುತ್ತಿದ್ದರೆ ನೆನಪಿರಲಿ.

ಇನ್ನು "ಅವರದ್ದು" ಅನ್ನುವ ಪಟ್ಟಿ. ಅಲ್ಲಿರುವ ಬರಹ, ಫೋಟೊ, ವಿಡಿಯೊ, ಬಿಡಿಸಿದ ಚಿತ್ರ, ಲೋಗೊ, ಅವರೇ ಮಾಡಿಸಿಕೊಂಡ ಐಕಾನ್, ದುಡ್ಡು ಕೊಟ್ಟು ತಂದ ಫಾಂಟ್, ಮತ್ತು ಕೋಡ್. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನೂ ಸಾಹಿತ್ಯ ಕೃತಿ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ರಿಜಿಸ್ಟರ್ ಮಾಡಿಸಿರಬೇಕು ಅಂತೇನೂ ಇಲ್ಲ, ಮಾಡಿದ ಕ್ಷಣದಿಂದಲೇ ಹಕ್ಕು ಬರುತ್ತದೆ. ಪುಟದ ಕೆಳಗೆ ಕಾಪಿರೈಟ್ ಚಿಹ್ನೆ ಇಲ್ಲ ಅಂದರೆ ಫ್ರೀ ಅಂತ ಅರ್ಥವಲ್ಲ. ಗೂಗಲ್‌ನಲ್ಲಿ ಸಿಕ್ಕಿತು ಅನ್ನೋದಂತೂ ಕಾರಣವೇ ಅಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ.

ಈ ಎರಡು ಪಟ್ಟಿಗಳ ನಡುವೆ ಒಂದು ಕಷ್ಟದ ಜಾಗ ಇದೆ: ಒಟ್ಟಾರೆ ನೋಟ. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಎಲ್ಲರದ್ದೇ. ಆದರೆ ಅದೇ ಕಪ್ಪು, ಅದೇ ಅಕ್ಷರ, ಅದೇ ಜೋಡಣೆ, ಸ್ಕ್ರಾಲ್ ಮಾಡಿದಾಗ ಅದೇ ಚಲನೆ, ಅದೇ ಕ್ರಮದಲ್ಲಿ ಅದೇ ವಿಭಾಗಗಳು ಒಟ್ಟಿಗೆ ಬಂದರೆ? ಆಪಲ್ ತನ್ನ ಪರದೆಯ ಕಿಟಕಿಗಳು, ಮೆನುಗಳು, ಐಕಾನ್‌ಗಳ ಒಟ್ಟಾರೆ ನೋಟವನ್ನು ನಕಲು ಮಾಡಿದ್ದಾರೆ ಅಂತ 1988ರಲ್ಲಿ ಮೈಕ್ರೊಸಾಫ್ಟ್ ಮೇಲೆ ಕೇಸ್ ಹಾಕಿತ್ತು. 1994ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಸೋತಿತು. ಹೋಲುತ್ತಿದ್ದದ್ದರಲ್ಲಿ ಹೆಚ್ಚಿನದಕ್ಕೆ 1985ರ ಒಪ್ಪಂದದಲ್ಲಿ ಆಪಲ್ ತಾನೇ ಅನುಮತಿ ಕೊಟ್ಟಿತ್ತು, ಉಳಿದದ್ದರಲ್ಲಿ ಬಹುಪಾಲು ಯಾರೂ ಬಳಸಬಹುದಾದ ಐಡಿಯಾ. ಅದನ್ನು ಓದಿ "ಹಾಗಾದರೆ ನೋಟ ಕದ್ದರೆ ಏನೂ ಆಗಲ್ಲ" ಅಂದುಕೊಳ್ಳಬೇಡಿ. 1999ರಲ್ಲಿ ದೆಹಲಿ ಹೈಕೋರ್ಟಿಗೆ ಬಂದ ಯಾಹೂ ಕೇಸಿನಲ್ಲಿ ಮುಖ್ಯ ಜಗಳ ಯಾಹೂಇಂಡಿಯಾ ಅನ್ನುವ ಡೊಮೇನ್ ಹೆಸರಿನದ್ದು. ಆದರೆ ಆ ಹೆಸರಿನ ಸೈಟ್ ನಡೆಸುತ್ತಿದ್ದವರು ತನ್ನ ಪುಟಗಳ ಜೋಡಣೆ, ಬಣ್ಣ, ಕೋಡ್ ಕೂಡ ಎತ್ತಿದ್ದಾರೆ ಅನ್ನುವ ದೂರನ್ನೂ ಯಾಹೂ ಇಟ್ಟಿತ್ತು. ಕೋರ್ಟ್ ಆ ಹೆಸರು ಬಳಸದಂತೆ ತಡೆಯಿತು. ಬಂದವರು ಇದು ಅವರದ್ದೇ ಸೈಟ್ ಅಂತ ಗಲಿಬಿಲಿಗೊಳ್ಳುವ ಹಾಗಿದ್ದರೆ ವಿಷಯ ಕಾಪಿರೈಟ್‌ನಿಂದ ಟ್ರೇಡ್‌ಮಾರ್ಕ್ ಕಡೆಗೂ ಹೋಗುತ್ತದೆ.

ಈ ನಡುವಿನ ಜಾಗಕ್ಕೆ ನನಗೆ ತುಂಬ ಸಹಾಯ ಮಾಡುವುದು ನಮ್ಮ ಸುಪ್ರೀಂ ಕೋರ್ಟಿನ 1978ರ ಒಂದು ತೀರ್ಪು, ಆರ್.ಜಿ. ಆನಂದ್ ಕೇಸಿನದ್ದು. ಅದು ನಾಟಕ ಮತ್ತು ಸಿನಿಮಾ ಬಗ್ಗೆ, ವೆಬ್ ಆಗ ಹುಟ್ಟಿರಲೇ ಇಲ್ಲ. ಐಡಿಯಾ, ವಿಷಯ, ಕಥೆಯ ಎಳೆ ಇವಕ್ಕೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಇದೆ ಅಂತ ಕೋರ್ಟ್ ಹೇಳಿತು. ಜೊತೆಗೆ ಒಂದು ಪರೀಕ್ಷೆಯನ್ನೂ ಕೊಟ್ಟಿತು: ಎರಡನ್ನೂ ನೋಡಿದ ಮಾಮೂಲಿ ಪ್ರೇಕ್ಷಕನಿಗೆ ಎರಡನೆಯದು ಮೊದಲನೆಯದರ ನಕಲು ಅಂತ ಸಂಶಯವಿಲ್ಲದೆ ಅನ್ನಿಸುತ್ತದಾ? ಈ ಪ್ರಶ್ನೆ ಹೆಜ್ಜೆ 7ರಲ್ಲಿ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 2: ಕ್ಲೈಂಟ್‌ಗೆ ಏನು ಇಷ್ಟವಾಯಿತು ಅಂತ ಬಿಡಿಸಿ ಕೇಳಿ

"ಇದು ಮಾಡೋಕಾಗಲ್ಲ ಸರ್, ಕಾಪಿರೈಟ್" ಅಂತ ಶುರು ಮಾಡಬೇಡಿ. ಅವರು ಇನ್ನೊಬ್ಬರ ಹತ್ತಿರ ಹೋಗುತ್ತಾರೆ, ಆ ಇನ್ನೊಬ್ಬರು ಮಾಡಿಕೊಡುತ್ತಾರೆ. ಫೋನ್ ಮಾಡಿ, ಸೈಟನ್ನು ಇಬ್ಬರೂ ಒಟ್ಟಿಗೆ ನೋಡಿ, ಕೇಳಿ. "ಮೇಡಂ, ಇದನ್ನು ತೆರೆದಾಗ ಮೊದಲು ಏನು ಹಿಡಿಸಿತು?" "ಇದರಲ್ಲಿ ಇಷ್ಟವಾಗದೆ ಇರೋದು ಏನಾದರೂ ಇದೆಯಾ?" "ನಿಮ್ಮ ಗೆಸ್ಟ್‌ಗಳು ಫೋನ್ ಮಾಡಿದಾಗ ಮೊದಲು ಏನು ಕೇಳುತ್ತಾರೆ?"

ಮೂರನೇ ಪ್ರಶ್ನೆ ಬಿಡಲೇಬೇಡಿ. ನಮ್ಮ ಹೋಮ್‌ಸ್ಟೇ ಓನರ್ ಉತ್ತರ ಹೀಗಿರುತ್ತದೆ ಅಂದುಕೊಳ್ಳಿ: ಮಳೆಗಾಲದಲ್ಲಿ ಕಾರು ಮನೆವರೆಗೆ ಬರುತ್ತಾ, ಇಲ್ಲಾ ಜೀಪ್ ಕಳಿಸ್ತೀರಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತೆ? ಕರೆಂಟ್ ಹೋದರೆ? ಊಟ ಯಾವ ಥರ, ವೆಜ್ ಬೇರೆ ಮಾಡ್ತೀರಾ? ಜಿಗಣೆ ಕಾಟ ಇದೆಯಾ? ಇನ್ನು ಸೈಟ್‌ನಲ್ಲಿ ಅವರಿಗೆ ಹಿಡಿಸಿದ್ದು ಅಲ್ಲಿನ ನಿಶ್ಶಬ್ದ, "ಗಲಾಟೆ ಇಲ್ಲ, ಕಾಡಿನ ಒಳಗೆ ಹೋದ ಹಾಗೆ ಅನ್ನಿಸುತ್ತೆ."

ಈಗ ನಿಮ್ಮ ಕೈಯಲ್ಲಿ ಕಾರಣಗಳಿವೆ. ಅವರಿಗೆ ಬೇಕಾದದ್ದು ನಾರ್ವೆಯ ಕಪ್ಪು ಬಣ್ಣವಲ್ಲ, ಆ ನಿಶ್ಶಬ್ದ. ಅವರ ಗೆಸ್ಟ್‌ಗಳಿಗೆ ಬೇಕಾದದ್ದು ಉತ್ತರ. ಮಾತು ಕಡಿಮೆ ಇರುವ ಆ ನಾರ್ವೆ ಪುಟವನ್ನು ಹಾಗೇ ತಂದು ಹಾಕಿದ್ದರೆ ಓನರ್ ಫೋನ್ ದಿನವಿಡೀ ಇದೇ ಪ್ರಶ್ನೆಗಳಿಗೆ ರಿಂಗ್ ಆಗುತ್ತಿತ್ತು, ಅಲ್ವಾ?

ಹೆಜ್ಜೆ 3: ಒಂದು ಕಡೆಯಿಂದ ತಗೋಬೇಡಿ

ಒಂದೇ ಸೈಟ್ ನೋಡಿಕೊಂಡು ಕೂತರೆ ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಅದೇ ಹೊರಗೆ ಬರುತ್ತದೆ. ಹತ್ತು ಹದಿನೈದು ಕಡೆ ನೋಡಿ, ಅರ್ಧದಷ್ಟಾದರೂ ಹೋಟೆಲ್ ವ್ಯವಹಾರಕ್ಕೆ ಸಂಬಂಧವೇ ಇಲ್ಲದವು ಇರಲಿ. ನಿಶ್ಶಬ್ದವನ್ನು ತೋರಿಸುವ ಮ್ಯೂಸಿಯಂ ಸೈಟ್, ಪ್ರಶ್ನೆಗಳಿಗೆ ಚೊಕ್ಕವಾಗಿ ಉತ್ತರ ಕೊಡುವ ಆಸ್ಪತ್ರೆ ಸೈಟ್, ಹಳೆಯ ರೈಲ್ವೆ ಟೈಮ್‌ಟೇಬಲ್. ವೆಬ್ ಬಿಟ್ಟು ಹೊರಗೂ ಹೋಗಿ. ಆ ತೋಟದ ಮನೆಯ ರೆಡ್ ಆಕ್ಸೈಡ್ ನೆಲದ ಬಣ್ಣ, ಮಂಗಳೂರು ಹೆಂಚು, ಕಾಫಿ ಹಣ್ಣು ಒಣಗಿಸುವ ಕಣ, ಬೆಳ್ಳಗೆ ಅರಳಿದ ಕಾಫಿ ಹೂವು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಆ ಜಾಗಕ್ಕೇ ಸೇರಿದ ಬಣ್ಣಗಳು ಅಲ್ಲೇ ಇವೆ, ನಾರ್ವೆಗೆ ಹೋಗಬೇಕಾಗಿಲ್ಲ.

ಪಿಂಟರೆಸ್ಟ್, ಬಿಹ್ಯಾನ್ಸ್, ಡ್ರಿಬಲ್ ಥರದ ಡಿಸೈನ್ ತೋರಿಸುವ ಸೈಟ್ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ಎಷ್ಟೋ ಕೆಲಸ ಬರೀ ತೋರಿಸಲು ಮಾಡಿದ್ದು, ಯಾರೂ ಬಳಸಿ ನೋಡಿದ್ದಲ್ಲ. ಸ್ಕ್ರೀನ್‌ಶಾಟ್ ತೆಗೆದು ಫೋಲ್ಡರ್‌ಗೆ ತುಂಬುವ ಅಭ್ಯಾಸವಿದ್ದರೆ ಒಂದು ನಿಯಮ ಹಾಕಿಕೊಳ್ಳಿ: ಪ್ರತಿ ಸ್ಕ್ರೀನ್‌ಶಾಟ್ ಜೊತೆ ಎರಡು ಸಾಲು ಬರೆಯಲೇಬೇಕು. ಎಲ್ಲಿಂದ ಬಂತು, ಯಾಕೆ ಇಷ್ಟವಾಯಿತು. "ಚೆನ್ನಾಗಿದೆ" ಅಂತ ಬರೆದರೆ ಲೆಕ್ಕಕ್ಕಿಲ್ಲ. "ರೇಟ್ ಮೊದಲೇ ಹೇಳಿದ್ದಾರೆ, ಅದರಿಂದ ನಂಬಿಕೆ ಬರುತ್ತೆ" ಅಂತ ಬರೆದರೆ ಲೆಕ್ಕಕ್ಕಿದೆ. ಹೀಗೆ ಬರೆದಿಟ್ಟದ್ದು ಇನ್ನೊಂದು ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ. ನಾಳೆ ಯಾರಾದರೂ ನಿಮ್ಮ ಮೇಲೆ ಬೆರಳು ತೋರಿಸಿದರೆ, ನಿಮ್ಮ ಕೆಲಸ ಎಲ್ಲಿಂದ ಹೇಗೆ ಬೆಳೆಯಿತು ಅಂತ ತೋರಿಸಲು ತಾರೀಖಿನ ಸಮೇತ ದಾಖಲೆ ಇರುತ್ತದೆ.

ಹೆಜ್ಜೆ 4: ಟ್ಯಾಬ್ ಮುಚ್ಚಿ, ಪೇಪರ್ ತಗೊಳ್ಳಿ

ಡಿಸೈನ್ ಶುರು ಮಾಡುವಾಗ ಆ ಸೈಟ್ ಯಾವುದೂ ತೆರೆದಿರಬಾರದು. ಡಿಸೈನ್ ಮಾಡುವ ಟೂಲ್ ಫಿಗ್ಮಾದಲ್ಲಿ ಪಕ್ಕಕ್ಕೆ ಸ್ಕ್ರೀನ್‌ಶಾಟ್ ಅಂಟಿಸಿಕೊಂಡು ಕೂರುವುದನ್ನು ಬಿಟ್ಟುಬಿಡಿ. ಕಣ್ಣೆದುರು ಇದ್ದರೆ ಕೈ ತಾನಾಗಿಯೇ ಅಳತೆ ತೆಗೆಯುತ್ತದೆ.

ಮೊದಲು ಬರಹ ಬರೆಯಿರಿ, ಚೌಕಟ್ಟು ಆಮೇಲೆ. ನಿಜವಾದ ಮಾತುಗಳು, ನಿಜವಾದ ರೂಮ್ ಹೆಸರು, ನಿಜವಾದ ರೇಟ್. ಬೇರೆಯವರ ಚೌಕಟ್ಟಿಗೆ ನಮ್ಮ ಮಾತು ತುಂಬಲು ಹೊರಟಾಗಲೇ ನಕಲು ಶುರುವಾಗುತ್ತದೆ. ಅಲ್ಲಿ ಮೂರು ಕಾರ್ಡ್ ಇದೆ ಅಂತ ಇಲ್ಲೂ ಮೂರು ವಿಷಯ ಹುಡುಕುತ್ತೇವೆ. ನಮ್ಮ ಹೋಮ್‌ಸ್ಟೇಗೆ ಹೇಳಬೇಕಾದದ್ದು ಎರಡೇ ಇರಬಹುದು, ಅಥವಾ ಒಂಬತ್ತಿರಬಹುದು. ಬರಹ ಸಿದ್ಧವಾದ ಮೇಲೆ ಪುಟದ ರೂಪ ಅದರಿಂದಲೇ ಬರುತ್ತದೆ: ಮೊದಲು ತೋಟದ ಒಂದೇ ಚಿತ್ರ, ನಿಶ್ಶಬ್ದವಾಗಿ. ಅದರ ಕೆಳಗೆ "ಬರೋದು ಹೇಗೆ" ಅನ್ನುವ ವಿಭಾಗ, ತಿಂಗಳಿಗೆ ತಕ್ಕಂತೆ ರಸ್ತೆ ಹೇಗಿರುತ್ತದೆ ಅನ್ನುವ ಮಾಹಿತಿ, ಜೀಪ್ ಎಲ್ಲಿಂದ ಹತ್ತಬೇಕು. ಆಮೇಲೆ ಊಟ. ಆಮೇಲೆ ರೂಮ್. ನಾರ್ವೆ ಸೈಟ್‌ನಲ್ಲಿ ಇದ್ಯಾವುದೂ ಇರಲಿಲ್ಲ, ಆದರೆ ಅದರ ಶಾಂತಿ ಮಾತ್ರ ಇಲ್ಲಿಗೂ ಬಂದಿದೆ.

ಪ್ರತಿಯೊಂದು ಭಾಗಕ್ಕೂ ಕೇಳಿಕೊಳ್ಳಿ: ಇದು ಇಲ್ಲಿ ಯಾಕಿದೆ? "ಅಲ್ಲಿತ್ತು, ಅದಕ್ಕೆ" ಅನ್ನೋದು ಬಿಟ್ಟು ಬೇರೆ ಉತ್ತರ ಸಿಗದಿದ್ದರೆ ತೆಗೆದುಹಾಕಿ.

ಹೆಜ್ಜೆ 5: ಕೋಡ್ ಓದಿ, ಎತ್ತಬೇಡಿ

ಬ್ರೌಸರ್‌ನಲ್ಲಿ ಯಾವ ಪುಟದ ಸೋರ್ಸ್ ಬೇಕಾದರೂ ನೋಡಬಹುದು. ವೆಬ್ ಬೆಳೆದದ್ದೇ ಹೀಗೆ ನೋಡಿ ಕಲಿತವರಿಂದ, ಮತ್ತು ಇದು ವೆಬ್‌ನ ದೊಡ್ಡ ಗುಣ ಅಂತ ನಾನು ನಂಬುತ್ತೇನೆ. ಸ್ಕ್ರಾಲ್ ಮಾಡಿದಾಗ ಚಿತ್ರ ಹೇಗೆ ಮೆಲ್ಲಗೆ ಮೂಡುತ್ತದೆ ಅಂತ ಡೆವಲಪರ್ ಟೂಲ್ಸ್ ತೆರೆದು ನೋಡಿ, ತಂತ್ರ ಅರ್ಥ ಮಾಡಿಕೊಳ್ಳಿ, ಮುಚ್ಚಿ, ಖಾಲಿ ಫೈಲ್‌ನಲ್ಲಿ ನೀವೇ ಬರೆಯಿರಿ. ಬರೆಯಲು ಬರದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ, ಮತ್ತೆ ಓದಿ.

ಇದಕ್ಕೆ ಒಳ್ಳೆಯ ಮಾದರಿ 2003ರಲ್ಲಿ ಡೇವ್ ಶೇ ಶುರು ಮಾಡಿದ ಸಿಎಸ್‌ಎಸ್ ಝೆನ್ ಗಾರ್ಡನ್. ಅದೊಂದು ಸೈಟ್. ಅಲ್ಲಿ ಒಂದೇ ಎಚ್‌ಟಿಎಂಎಲ್ ಪುಟ, ಅಂದರೆ ಬರಹ ಮತ್ತು ಅದರ ರಚನೆ. ಅದನ್ನು ಮುಟ್ಟದೆ ಸಿಎಸ್‌ಎಸ್ (ಬಣ್ಣ, ಅಕ್ಷರ, ಜೋಡಣೆ ಹೇಗಿರಬೇಕು ಅಂತ ಹೇಳುವ ಕೋಡ್) ಮತ್ತು ಚಿತ್ರ ಮಾತ್ರ ಬದಲಿಸಿ ಜಗತ್ತಿನ ಡಿಸೈನರ್‌ಗಳು ನೂರಾರು ರೂಪ ಕೊಟ್ಟರು. ಒಂದನ್ನು ನೋಡಿದರೆ ಇನ್ನೊಂದು ಅದೇ ಪುಟ ಅಂತ ನಂಬುವುದಕ್ಕೇ ಆಗುವುದಿಲ್ಲ. ಅಲ್ಲಿನ ಸಿಎಸ್‌ಎಸ್ ಕಲಿಯುವವರಿಗೆ ಸಿಗಲಿ ಅಂತ, ಕೆಲವು ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಟ್ಟರು, ಚಿತ್ರಗಳ ಹಕ್ಕು ಮಾತ್ರ ಬಿಡಿಸಿದವರ ಹತ್ತಿರವೇ ಉಳಿಯಿತು. ಕಲಿಯಲು ಯಾವುದು ಮುಕ್ತ, ಎತ್ತಿಕೊಳ್ಳಲು ಯಾವುದು ಮುಕ್ತವಲ್ಲ ಅನ್ನೋದು ಅಲ್ಲಿ ಮೊದಲೇ ಸ್ಪಷ್ಟವಾಗಿತ್ತು.

ಉಲ್ಟಾ ಉದಾಹರಣೆಯೂ ಇದೆ. 2012ರ ಜನವರಿಯಲ್ಲಿ ಕ್ಯೂರ್‌ಬಿಟ್ ಅನ್ನುವ ಅಮೆರಿಕದ ಸ್ಟಾರ್ಟಪ್, 37ಸಿಗ್ನಲ್ಸ್ ಕಂಪನಿಯ ಹೈರೈಸ್ ಅನ್ನುವ ಸಾಫ್ಟ್‌ವೇರ್‌ನ ಪುಟದ ವಿನ್ಯಾಸ ಮತ್ತು ಕೋಡನ್ನು ಎತ್ತಿ ತನ್ನದಾಗಿ ಹಾಕಿಕೊಂಡಿತು. 37ಸಿಗ್ನಲ್ಸ್‌ನ ಡೇವಿಡ್ ಹೈನ್‌ಮೈರ್ ಹ್ಯಾನ್ಸನ್ ಟ್ವಿಟರ್‌ನಲ್ಲೇ ಎಲ್ಲರ ಮುಂದೆ ಹಿಡಿದು ನಿಲ್ಲಿಸಿದರು. ಕ್ಯೂರ್‌ಬಿಟ್ ಪುಟ ತೆಗೆದು ಕ್ಷಮೆ ಕೇಳಿತು. ಗಮನಿಸಿ, ಆ ಹೈರೈಸ್ ಪುಟ ಸುಮ್ನೆ ಹುಟ್ಟಿದ್ದಲ್ಲ. ಹಲವು ಆವೃತ್ತಿ ಮಾಡಿ, ಯಾವುದಕ್ಕೆ ಜನ ಜಾಸ್ತಿ ಸೈನ್ ಅಪ್ ಆಗುತ್ತಾರೆ ಅಂತ ಪರೀಕ್ಷೆ ಮಾಡಿ, ಆ ಪರೀಕ್ಷೆಯ ವಿವರವನ್ನೂ ಅವರೇ ಎಲ್ಲರಿಗೂ ಓದಲು ಕೊಟ್ಟಿದ್ದರು. ಅಂದರೆ ಕಾರಣಗಳು ಫ್ರೀಯಾಗಿ ಕೈಗೆ ಸಿಗುತ್ತಿದ್ದವು. ಅವನ್ನು ಓದಿ ತಮ್ಮದೇ ಪುಟ ಮಾಡಬಹುದಿತ್ತು.

ಕೋಡ್ ಎತ್ತಿದವರು ಸಿಕ್ಕಿಬೀಳುವುದು ಎಷ್ಟು ಸುಲಭ ಅನ್ನೋದೂ ಗೊತ್ತಿರಲಿ. ಪುಟ ಪೂರ್ತಿ ಕಾಪಿ ಮಾಡಿದಾಗ ಅದರೊಳಗಿನ, ಸೈಟಿಗೆ ಬಂದವರ ಲೆಕ್ಕ ಇಡುವ ಅನಾಲಿಟಿಕ್ಸ್ ಐಡಿಯೂ ಬಂದುಬಿಡುತ್ತದೆ. ಆಮೇಲೆ ಮೂಲ ಸೈಟಿನವರು ತಮ್ಮ ರಿಪೋರ್ಟ್ ತೆರೆದರೆ ಗೊತ್ತಿಲ್ಲದ ಡೊಮೇನ್‌ನಿಂದ ಜನ ಬಂದಿರುತ್ತಾರೆ. ಚಿತ್ರಗಳ ಲಿಂಕ್ ಅವರ ಸರ್ವರ್‌ಗೇ ಹೋಗುತ್ತಿದ್ದರೆ ಅವರ ಲಾಗ್‌ನಲ್ಲಿ ನಿಮ್ಮ ಹೆಸರು ಕಾಣುತ್ತದೆ. ಪ್ರೈವಸಿ ಪಾಲಿಸಿ ಕಾಪಿ ಮಾಡಿದವರು ಒಳಗೆಲ್ಲೋ ಹಳೆಯ ಕಂಪನಿ ಹೆಸರು ಬಿಟ್ಟಿರುತ್ತಾರೆ. ಸ್ಕ್ರೀನ್‌ಶಾಟ್ ಕೊಟ್ಟರೆ ಕೋಡ್ ಮಾಡಿಕೊಡುವ ಎಐ ಟೂಲ್‌ಗಳು ಬಂದ ಮೇಲೆ ಈ ಸುಳಿವುಗಳು ಕಡಿಮೆಯಾಗಬಹುದು, ಆದರೆ ಮಾಡುತ್ತಿರುವ ಕೆಲಸ ಅದೇ. ಯಾರ ಸ್ಕ್ರೀನ್‌ಶಾಟ್ ಕೊಟ್ಟಿರಿ ಅನ್ನೋದೇ ಪ್ರಶ್ನೆ.

ಮುಕ್ತವಾಗಿ ಕೊಟ್ಟ ಕೋಡ್ ಬೇಕಾದಷ್ಟಿದೆ. ಸೈಟ್ ಕಟ್ಟಲು ಬೇಕಾದ ಸಿದ್ಧ ಕೋಡ್ ಇರುವ ಬೂಟ್‌ಸ್ಟ್ರ್ಯಾಪ್ ಎಂಐಟಿ ಲೈಸೆನ್ಸ್‌ನಲ್ಲಿದೆ. ದುಡ್ಡಿನ ಕೆಲಸಕ್ಕೂ ಬಳಸಬಹುದು, ಲೈಸೆನ್ಸ್‌ನ ಸಾಲುಗಳನ್ನು ಮಾತ್ರ ಅಳಿಸಬಾರದು. ಸಿದ್ಧ ವಿನ್ಯಾಸಗಳನ್ನು ಮಾರುವ ಥೀಮ್‌ಫಾರೆಸ್ಟ್‌ನಲ್ಲಿ ಕೊಂಡ ಥೀಮ್‌ನ ರೆಗ್ಯುಲರ್ ಲೈಸೆನ್ಸ್ ಒಂದು ಪ್ರಾಜೆಕ್ಟ್‌ಗೆ ಮಾತ್ರ. ಒಂದನ್ನು ಕೊಂಡು ಹತ್ತು ಕ್ಲೈಂಟ್‌ಗಳಿಗೆ ಹಾಕುವುದು ನಮ್ಮ ಕಡೆ ಮಾಮೂಲಿ ಆಗಿಬಿಟ್ಟಿದೆ, ಅದು ತಪ್ಪು. ಥೀಮ್ ಬಳಸಿದ್ದರೆ ಬಳಸಿದ್ದೇನೆ ಅಂತ ಕ್ಲೈಂಟ್‌ಗೆ ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, "ಪೂರ್ತಿ ನಾನೇ ಮಾಡಿದ್ದು" ಅಂತ ಬಿಲ್ ಹಾಕುವುದರಲ್ಲಿ ಇದೆ.

ಹೆಜ್ಜೆ 6: ಫೋಟೊ, ಐಕಾನ್, ಫಾಂಟ್, ಮಾತು

ಫೋಟೊ ವಿಷಯದಲ್ಲಿ ನನ್ನ ಸಲಹೆ ಒಂದೇ: ಆ ಜಾಗದ ಫೋಟೊ ಆ ಜಾಗದಲ್ಲೇ ತೆಗೆಸಿ. ಮೊಬೈಲ್‌ನಲ್ಲಿ ತೆಗೆದದ್ದಾದರೂ ಸರಿ. ಸ್ವಿಟ್ಜರ್ಲೆಂಡ್ ಬೆಟ್ಟದ ಫೋಟೊ ಹಾಕಿ ಸಕಲೇಶಪುರ ಅಂದರೆ ಕಾಪಿರೈಟ್ ತೊಂದರೆ ಇಲ್ಲದಿದ್ದರೂ ಬಂದ ಗೆಸ್ಟ್‌ಗೆ ಮೋಸವೇ. ಅನ್‌ಸ್ಪ್ಲ್ಯಾಶ್ ಥರದ ಕಡೆಯಿಂದ ತಂದರೆ ಹೆಸರು ಹಾಕಲೇಬೇಕು ಅಂತಿಲ್ಲ, ವಿಕಿಮೀಡಿಯಾ ಕಾಮನ್ಸ್‌ನ ಹೆಚ್ಚಿನ ಚಿತ್ರಗಳಿಗೆ ತೆಗೆದವರ ಹೆಸರು ಮತ್ತು ಲೈಸೆನ್ಸ್ ಎರಡನ್ನೂ ಹಾಕಬೇಕು. ಲೈಸೆನ್ಸ್‌ನಲ್ಲಿ ವಾಣಿಜ್ಯ ಬಳಕೆ ಬೇಡ ಅಂತಿದ್ದರೆ ರೂಮ್ ಬಾಡಿಗೆಗೆ ಕೊಡುವ ಸೈಟ್‌ಗೆ ಅದು ಬೇಡ. ಫಾಂಟ್ ಆಸಮ್‌ನ ಉಚಿತ ಐಕಾನ್‌ಗಳು, ಫಿಗ್ಮಾ ಕಮ್ಯುನಿಟಿಯ ಉಚಿತ ಫೈಲ್‌ಗಳು ಹೆಸರು ಹೇಳಿ ಬಳಸಬೇಕಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿವೆ. ಯಾವುದನ್ನು ಎಲ್ಲಿಂದ ತಂದಿರಿ ಅಂತ ಒಂದು ಶೀಟ್‌ನಲ್ಲಿ ಬರೆದಿಟ್ಟು ಕೆಲಸ ಮುಗಿದಾಗ ಕ್ಲೈಂಟ್‌ಗೂ ಕೊಡಿ.

ಫಾಂಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಕನ್ನಡ ಸೈಟ್ ಮಾಡುವವರಿಗೆ ನಕಲು ಕೈಕೊಡುವುದು ಇಲ್ಲಿ. ಇಂಗ್ಲಿಷ್ ಸೈಟಿನ ಅಳತೆಗಳನ್ನು ಹಾಗೇ ತಂದರೆ ಕನ್ನಡ ಅದರೊಳಗೆ ಕೂರುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆಗಳು ಮೇಲೂ ಪಕ್ಕಕ್ಕೂ ಹೋಗುತ್ತವೆ. ಅವರ ಶೀರ್ಷಿಕೆಯಲ್ಲಿ ಸಾಲುಗಳ ಅಂತರ ಅಕ್ಷರದ ಅಳತೆಯ 1.1 ಪಟ್ಟು ಇದ್ದರೆ ನಮಗೆ ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಓದುವ ಬರಹಕ್ಕೆ 1.6ರಿಂದ 1.8 ಇಟ್ಟು ನೋಡಿ. ಅಕ್ಷರಗಳ ನಡುವೆ ಜಾಗ ಬಿಡುವ ಅವರ ಸ್ಟೈಲ್ ನಮಗೆ ಒಗ್ಗುವುದಿಲ್ಲ, ಪದ ಚದುರಿದ ಹಾಗೆ ಕಾಣುತ್ತದೆ. ಕ್ಯಾಪಿಟಲ್ ಅಕ್ಷರವೇ ನಮ್ಮಲ್ಲಿಲ್ಲ, ಹಾಗಾಗಿ ಅವರ ಬಟನ್‌ಗಳ ಗತ್ತು ನಮಗೆ ಬೇರೆ ರೀತಿಯಲ್ಲಿ ತರಬೇಕು, ದಪ್ಪದಿಂದಲೋ ಬಣ್ಣದಿಂದಲೋ. ಪದಗಳು ಉದ್ದ, ಅವರ ಪುಟ್ಟ ಬಟನ್ ಒಳಗೆ "ಕಾಯ್ದಿರಿಸಿಕೊಳ್ಳಿ" ಹಿಡಿಸುವುದಿಲ್ಲ, "ಬುಕ್ ಮಾಡಿ" ಹಿಡಿಸುತ್ತದೆ. ದಪ್ಪ ಅಕ್ಷರ ಇಲ್ಲದ ಫಾಂಟ್‌ಗೆ ಬೋಲ್ಡ್ ಹಾಕಿದರೆ ಬ್ರೌಸರ್ ತಾನೇ ಮೆತ್ತಿ ದಪ್ಪ ಮಾಡುತ್ತದೆ, ಒತ್ತುಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಸಿಗುತ್ತವೆ, ಯಾವ ಸೈಟ್‌ಗಾದರೂ ಹಾಕಬಹುದು. ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ. ನಾರ್ವೆ ಸೈಟಿನ ತೆಳ್ಳಗಿನ ಅಕ್ಷರಕ್ಕೆ ಬದಲು ಅನೇಕ್‌ನ ಹಗುರವಾದ ತೂಕಗಳನ್ನು ಹಾಕಿ ನೋಡಬಹುದು. ಆದರೆ ಬಿಸಿಲಲ್ಲಿ ನಿಂತು ಸಣ್ಣ ಫೋನ್‌ನಲ್ಲಿ ಓದಿದರೆ ಕಾಣುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಮಾತುಗಳನ್ನಂತೂ ಯಾರದ್ದನ್ನೂ ತರಬೇಡಿ, ಅನುವಾದ ಮಾಡಿಯೂ ತರಬೇಡಿ. ಅನುವಾದ ಮಾಡುವ ಹಕ್ಕೂ ಬರೆದವರದ್ದೇ.

ಇನ್ನೊಂದು ಅಪಾಯ ಇದೆ. ದೊಡ್ಡ ಬುಕಿಂಗ್ ಸೈಟ್‌ಗಳನ್ನು ಕಣ್ಣು ಮುಚ್ಚಿ ಅನುಸರಿಸಿದರೆ ಅವುಗಳ ಕೆಟ್ಟ ಚಾಳಿಯೂ ಬರುತ್ತದೆ. "ಒಂದೇ ರೂಮ್ ಉಳಿದಿದೆ, ಈಗಲೇ ಬುಕ್ ಮಾಡಿ" ಅಂತ ಸುಳ್ಳು ಅವಸರ ಹುಟ್ಟಿಸುವುದು, ಕೇಳದ ಸೇವೆಯನ್ನು ಬಿಲ್‌ಗೆ ಸೇರಿಸುವುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ.

ಹೆಜ್ಜೆ 7: ಲೈವ್ ಮಾಡುವ ಮೊದಲು ಪಕ್ಕಪಕ್ಕ ಇಟ್ಟು ನೋಡಿ

ಈಗ ಮುಚ್ಚಿದ ಟ್ಯಾಬ್ ಮತ್ತೆ ತೆರೆಯಿರಿ. ಕ್ಲೈಂಟ್ ಕಳಿಸಿದ ಸೈಟ್ ಮತ್ತು ನಿಮ್ಮದನ್ನು ಪಕ್ಕಪಕ್ಕ ಇಡಿ. ಎರಡರಿಂದಲೂ ಲೋಗೊ ಮತ್ತು ಹೆಸರು ಮುಚ್ಚಿ, ಚಿತ್ರವನ್ನು ಸ್ವಲ್ಪ ಮಸುಕು ಮಾಡಿ, ಡಿಸೈನ್ ಗೊತ್ತಿಲ್ಲದ ಯಾರಿಗಾದರೂ ತೋರಿಸಿ: ಮನೆಯವರಿಗೆ, ಪಕ್ಕದ ಆಫೀಸಿನವರಿಗೆ. ಕೇಳಬೇಕಾದದ್ದು 1978ರ ಅದೇ ಪ್ರಶ್ನೆ. "ಇದನ್ನು ನೋಡಿ ಅದನ್ನು ಮಾಡಿದ್ದಾರೆ ಅಂತ ಅನ್ನಿಸುತ್ತಾ?" ಸ್ವಲ್ಪ ಹೋಲುತ್ತದೆ ಅಂದರೆ ಎಲ್ಲಿ ಅಂತ ಕೇಳಿ. ಅವರು ಬೆರಳಿಟ್ಟದ್ದು ನಿಮ್ಮ "ಎಲ್ಲರದ್ದು" ಪಟ್ಟಿಯಲ್ಲಿದ್ದರೆ ಬಿಡಿ. "ಅವರದ್ದು" ಪಟ್ಟಿಯಲ್ಲಿದ್ದರೆ, ಅಥವಾ ಒಟ್ಟಾರೆ ಎಲ್ಲವೂ ಒಂದೇ ಅಂದರೆ, ವಾಪಸ್ ಹೆಜ್ಜೆ 4ಕ್ಕೆ. ಬಣ್ಣ ತಿದ್ದಿ ಪಾರಾಗಲು ನೋಡಬೇಡಿ, ಜೋಡಣೆಯನ್ನೇ ಮತ್ತೆ ಯೋಚಿಸಿ.

ಇನ್ನೂ ಗಟ್ಟಿಯಾದ ಪರೀಕ್ಷೆ ಒಂದಿದೆ. ಆ ಮೂಲ ಸೈಟ್ ಮಾಡಿದ ಡಿಸೈನರ್‌ಗೆ "ನಿಮ್ಮ ಕೆಲಸದಿಂದ ಇದನ್ನು ಕಲಿತೆ, ನೋಡಿ" ಅಂತ ನಿಮ್ಮ ಲಿಂಕನ್ನು ಧೈರ್ಯವಾಗಿ ಕಳಿಸಬಲ್ಲಿರಾ? ಕೈ ಹಿಂದೇಟು ಹಾಕಿದರೆ ಯಾವ ಭಾಗವನ್ನು ನೆನೆದು ಹಾಕುತ್ತಿದೆ ಅಂತ ನೋಡಿ. ತಿದ್ದಬೇಕಾದದ್ದು ಅದೇ.

ಹೆಜ್ಜೆ 8: ಕಾಗದದಲ್ಲಿ ಬರೆದುಕೊಳ್ಳಿ

ಹೆಚ್ಚಿನ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಫ್ರೀಲ್ಯಾನ್ಸರ್ ಆಗಿ ನೀವು ಮಾಡಿದ ಡಿಸೈನ್ ಮತ್ತು ಕೋಡ್‌ನ ಮೊದಲ ಹಕ್ಕುದಾರ ನೀವೇ, ಕ್ಲೈಂಟ್ ದುಡ್ಡು ಕೊಟ್ಟ ಮಾತ್ರಕ್ಕೆ ಅವರದ್ದಾಗುವುದಿಲ್ಲ. ಕಂಪನಿಯಲ್ಲಿ ನೌಕರಿ ಮಾಡುತ್ತಿದ್ದರೆ ಕಂಪನಿಯದ್ದು. ಫೋಟೊಗೆ ನಿಯಮ ಬೇರೆ, ದುಡ್ಡು ಕೊಟ್ಟು ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಕ್ಕನ್ನು ಬರೆದುಕೊಡಬೇಕು ಅಂದರೆ ಸಹಿ ಮಾಡಿದ ಕಾಗದ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತ ಮಾತ್ರ ಅಂತ ಕಾನೂನು ಲೆಕ್ಕ ಹಾಕುತ್ತದೆ. ಹಾಗಾಗಿ ಎರಡನ್ನೂ ಬರೆಯಿರಿ. ಜೊತೆಗೆ ಇನ್ನೊಂದು ಸಾಲು: ಕ್ಲೈಂಟ್ ಕೊಡುವ ಫೋಟೊ, ಬರಹ, ಲೋಗೊಗಳ ಹಕ್ಕಿಗೆ ಅವರೇ ಜವಾಬ್ದಾರಿ.

ಇಷ್ಟೆಲ್ಲ ಮಾಡಿದ ಮೇಲೂ ಕ್ಲೈಂಟ್ "ಇಲ್ಲ, ಅದೇ ಬೇಕು" ಅಂದರೆ? ಎರಡು ಡಿಸೈನ್ ತೋರಿಸಿ, ಅವರ ಗೆಸ್ಟ್‌ಗಳ ಪ್ರಶ್ನೆಗೆ ಯಾವುದು ಉತ್ತರ ಕೊಡುತ್ತದೆ ಅಂತ ಅವರನ್ನೇ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಕೆಲಸ ಬಿಡಿ. ತಿಂಗಳ ಬಾಡಿಗೆ ಕಟ್ಟಬೇಕಾದಾಗ ಇದು ಕಷ್ಟ ಅಂತ ನನಗೆ ಗೊತ್ತು. ಆದರೆ ನೋಟಿಸ್ ಬಂದಾಗ ಕ್ಲೈಂಟ್ ತೋರಿಸುವುದು ನಿಮ್ಮ ಕಡೆಗೇ.

ಹೆಜ್ಜೆ 9: ನಿಮ್ಮ ಕೆಲಸವನ್ನೇ ಯಾರಾದರೂ ಎತ್ತಿದರೆ

ಮೊದಲು ಸಾಕ್ಷಿ, ಆಮೇಲೆ ಸಿಟ್ಟು. ಅವರ ಪುಟವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಸೇವ್ ಮಾಡಿ, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಸೋರ್ಸ್ ಕೋಡ್ ಇಳಿಸಿಕೊಳ್ಳಿ. ನಿಮ್ಮ ಪುಟದ ಹಳೆಯ ಆವೃತ್ತಿ ಅದೇ ಆರ್ಕೈವ್‌ನಲ್ಲಿದ್ದರೆ ಯಾವುದು ಮೊದಲು ಬಂತು ಅನ್ನೋದಕ್ಕೆ ಬಲವಾದ ಆಧಾರ.

ಆಮೇಲೆ ಸೈಟಿನ ಓನರ್‌ಗೆ ಮೆತ್ತಗೆ ಒಂದು ಮೇಲ್. ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ, ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿರುತ್ತಾರೆ. ಏನು ನಿಮ್ಮದು, ಯಾವ ದಿನದೊಳಗೆ ತೆಗೆಯಬೇಕು ಅಂತ ಸ್ಪಷ್ಟವಾಗಿ ಬರೆಯಿರಿ. ಉತ್ತರ ಬರದಿದ್ದರೆ ಹೋಸ್ಟಿಂಗ್ ಕಂಪನಿಗೆ ದೂರು ಕೊಡಿ. ಅಮೆರಿಕದ ಹೋಸ್ಟಿಂಗ್ ಆದರೆ ಅಲ್ಲಿನ 1998ರ ಡಿಎಂಸಿಎ ಅನ್ನುವ ಕಾಪಿರೈಟ್ ಕಾನೂನಿನ ನೋಟಿಸ್ ಕೆಲಸ ಮಾಡುತ್ತದೆ, ಗೂಗಲ್ ಹುಡುಕಾಟದಿಂದ ತೆಗೆಸಲೂ ಬೇರೆ ಫಾರಂ ಇದೆ. ನಮ್ಮ 2013ರ ಕಾಪಿರೈಟ್ ನಿಯಮಗಳ ಪ್ರಕಾರ ಲಿಂಕ್ ಅಥವಾ ಪ್ರವೇಶ ಒದಗಿಸುವ ಮಧ್ಯವರ್ತಿಗೆ ಸರಿಯಾದ ಲಿಖಿತ ದೂರು ಹೋದರೆ 36 ಗಂಟೆಯೊಳಗೆ ಅದನ್ನು ತಡೆಯಬೇಕು. ಆ ತಡೆ 21 ದಿನ ಇರುತ್ತದೆ, ಅಷ್ಟರಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಆ ಹಂತಕ್ಕೆ ಹೋಗುವ ಮೊದಲು ವಕೀಲರನ್ನು ನೋಡಿ.

ದೂರು ಬರೆಯುವಾಗ ಮತ್ತೆ ಹೆಜ್ಜೆ 1ರ ಹಾಳೆ ತೆಗೆಯಿರಿ. ನಿಮ್ಮ ಫೋಟೊ, ನಿಮ್ಮ ವಾಕ್ಯ, ನಿಮ್ಮ ಕೋಡ್ ಅಲ್ಲಿದ್ದರೆ ಒಂದೊಂದನ್ನೂ ಎರಡು ಲಿಂಕ್ ಸಮೇತ ಪಟ್ಟಿ ಮಾಡಿ. "ಬರೋದು ಹೇಗೆ" ಅನ್ನುವ ವಿಭಾಗವನ್ನು ಅವರೂ ಊಟಕ್ಕಿಂತ ಮೇಲೆ ಇಟ್ಟಿದ್ದಾರೆ, ಅವರದ್ದೂ ಹೆಂಚಿನ ಕೆಂಪು ಅನ್ನುವುದಷ್ಟೇ ನಿಮ್ಮ ದೂರಾಗಿದ್ದರೆ ಆ ಸಾಲುಗಳನ್ನು ಹೊಡೆದುಹಾಕಿ. ಪಕ್ಕದ ಎಸ್ಟೇಟಿನವರಿಗೂ ಅದೇ ಹೆಂಚು, ಅದೇ ಮಳೆ, ಅದೇ ರಸ್ತೆ.